ಪದಕ ಗೆದ್ದ ಹಳೇಬೀಡಿನ ಚಿತ್ರಗಳು

ತೆಗೆದ ಚಿತ್ರವನ್ನು ನಾಲ್ವರ ಮುಂದಿಟ್ಟು ‘ಹೇಗಿದೆ?’ ಎಂದು ಕೇಳುವುದು ಛಾಯಾಗ್ರಹಣದಷ್ಟೇ ಹಳೆಯ ಅಭ್ಯಾಸ. 1853ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಫೋಟೊಗ್ರಾಫಿಕ್ ಸೊಸೈಟಿಯಲ್ಲಿ ಹವ್ಯಾಸಿಗಳು ತಮ್ಮ ಚಿತ್ರಗಳನ್ನೂ ರಾಸಾಯನಿಕ ಪ್ರಯೋಗಗಳನ್ನೂ ಪರಸ್ಪರ ಒರೆಗೆ ಹಚ್ಚುತ್ತಿದ್ದರು. ಮದರಾಸು ಸೇನೆಯ ಅಧಿಕಾರಿ ಲಿನೀಯಸ್ ಟ್ರೈಪ್ ಆ ವರ್ಷವೇ ಅದರ ಸದಸ್ಯನಾದ.

ರಜೆ ಮುಗಿಸಿ ಭಾರತಕ್ಕೆ ಮರಳಿದ ಟ್ರೈಪ್, 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳಿಗೆ ಕ್ಯಾಮೆರಾ ಹೊತ್ತು ನಡೆದ. ಆತನ ನೆಗೆಟಿವ್‌ಗಳು ಕಾಗದದವು. ಒಂದೊಂದು ಚಿತ್ರಕ್ಕೂ ಕ್ಯಾಮೆರಾ ಕಣ್ಣು ನಿಮಿಷಗಟ್ಟಲೆ ತೆರೆದಿರಬೇಕಿತ್ತು. ಅಲುಗದ ಶಿಲ್ಪಗಳು ಇದಕ್ಕೆ ಹೇಳಿ ಮಾಡಿಸಿದಂತಿದ್ದವು. 1855ರಲ್ಲಿ ಮದರಾಸಿನ ವಸ್ತುಪ್ರದರ್ಶನದಲ್ಲಿ ಆತ 68 ಚಿತ್ರಗಳನ್ನಿಟ್ಟ. ತೀರ್ಪುಗಾರರು ಅವನ್ನು ಪರಿಶೀಲಿಸಿ ಪ್ರಥಮ ದರ್ಜೆಯ ಪದಕ ನೀಡಿದರು. ಮರುವರ್ಷ ಮದರಾಸಿನಲ್ಲೂ ಹವ್ಯಾಸಿಗಳ ಸಂಘವೊಂದು ತಲೆಯೆತ್ತಿತು.

ಮೆಚ್ಚುಗೆ ಪದಕಕ್ಕೇ ನಿಲ್ಲಲಿಲ್ಲ. ಸರ್ಕಾರ 1855ರಲ್ಲೇ ಟ್ರೈಪ್‌ನನ್ನು ಬರ್ಮಾಕ್ಕೆ ಹೊರಟ ನಿಯೋಗದ ಛಾಯಾಗ್ರಾಹಕನನ್ನಾಗಿ ಕಳುಹಿಸಿತು; 1856ರಲ್ಲಿ ಮದರಾಸು ಪ್ರಾಂತ್ಯದ ಅಧಿಕೃತ ಛಾಯಾಗ್ರಾಹಕನನ್ನಾಗಿ ನೇಮಿಸಿತು. ಹವ್ಯಾಸ ಹೀಗೆ ಹುದ್ದೆಯಾಯಿತು. ಬಲ್ಲವರ ಮೆಚ್ಚುಗೆಗೆಂದು ಇಟ್ಟ ಆ ಚಿತ್ರಗಳೇ, ಒಂದೂವರೆ ಶತಮಾನದ ಹಿಂದೆ ಹೊಯ್ಸಳರ ಗುಡಿಗಳು ಹೇಗಿದ್ದವೆಂಬುದಕ್ಕೆ ಇಂದು ಸಾಕ್ಷಿಯಾಗಿವೆ.