ನೆಲತಾಳೆಯ ಗುರುತು: ಅಂಡಾಶಯದ ನೆಲೆಯೇ ನಿರ್ಣಾಯಕ

ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಮಲೆನಾಡಿನ ಬೇಣಗಳಲ್ಲಿ, ಕುರುಚಲು ಕಾಡಿನ ಅಂಚಿನಲ್ಲಿ ನೆಲಕ್ಕಂಟಿದಂತೆ ಅರಳುವ ಹಳದಿ ಹೂಗಳಲ್ಲಿ ನೆಲತಾಳೆಯೂ ಒಂದು. ನೆಲತೆಂಗು ಎಂಬ ಹೆಸರೂ ಉಂಟು. ಶಾಸ್ತ್ರೀಯವಾಗಿ ಕರ್ಕ್ಯುಲಿಗೊ ಆರ್ಕಿಯಾಯ್ಡಿಸ್. ನೆಟ್ಟಗೆ ಕೆಳಗಿಳಿಯುವ ಗಡ್ಡೆಯಿಂದ ವರ್ಷವರ್ಷವೂ ಚಿಗುರುವ ಬಹುವಾರ್ಷಿಕ ಇದು. ಹಳದಿ ಬಣ್ಣ, ಆರು ದಳ, ಆರು ಕೇಸರ ಎಂದಷ್ಟೇ ನೋಡಿ ಹೆಸರಿಟ್ಟರೆ ಎಡವುವುದು ಸುಲಭ. ಅದೇ ಹೈಪಾಕ್ಸಿಡೇಸಿ ಕುಟುಂಬದ ಹೈಪಾಕ್ಸಿಸ್ ಆರಿಯಾಕ್ಕೂ ಇವೆಲ್ಲ ಇವೆ.

ಭೇದ ಇರುವುದು ಬುಡದಲ್ಲಿ. ನೆಲತಾಳೆಯ ಹೂವನ್ನು ಹೊತ್ತು ನಿಂತ ಎಳೆ ಮೇಲ್ನೋಟಕ್ಕೆ ತೊಟ್ಟಿನಂತೆಯೇ ಕಾಣುತ್ತದೆ. ಎಲೆಬುಡಗಳನ್ನು ಬೆರಳಿನಿಂದ ಮೆಲ್ಲನೆ ಬಿಡಿಸಿ ಅದರ ಜಾಡು ಹಿಡಿದರೆ, ಮಣ್ಣಿನ ಮಟ್ಟದಲ್ಲೋ ಇನ್ನೂ ಕೆಳಗೋ ಅಡಗಿರುವ ಅಂಡಾಶಯ ಸಿಗುತ್ತದೆ. ತೊಟ್ಟೆಂದು ತೋರಿದ್ದು ಆ ಅಂಡಾಶಯದ ತುದಿಯೇ ನೀಳವಾಗಿ ಬೆಳೆದ ಕೊಕ್ಕು. ಗೊಂಚಲಿನ ಮೇಲಿನ ಹೂಗಳು ಸಾಮಾನ್ಯವಾಗಿ ಗಂಡಾದ್ದರಿಂದ ಪರೀಕ್ಷೆಗೆ ಬುಡದ ಹೂವನ್ನೇ ಆರಿಸಬೇಕು. ಕಾಯಿಯೂ ಅಲ್ಲೇ ಬಲಿಯುತ್ತದೆ, ಬಿರಿಯುವುದಿಲ್ಲ. ಒಳಗಿನ ಬೀಜ ಕಪ್ಪು, ಹೊಳಪು. ಮೈಮೇಲೆ ಅಲೆಅಲೆಯಾದ ಗೀರುಗಳು. 1788ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮ ಕೊಟ್ಟ ಜೋಸೆಫ್ ಗಾರ್ಟ್ನರ್ ಹಣ್ಣು-ಬೀಜಗಳ ಅಧ್ಯಯನಕ್ಕೇ ಹೆಸರಾದವನೆಂಬುದು ಇಲ್ಲಿ ಗಮನಾರ್ಹ. ಹೈಪಾಕ್ಸಿಸ್‌ನಲ್ಲಾದರೋ ತೆಳುವಾದ ನಿಜವಾದ ಹೂದಂಡವಿದೆ. ರೋಮಭರಿತ ಅಂಡಾಶಯ ದಳಗಳ ಕೆಳಗೇ ಕಣ್ಣಿಗೆ ಬೀಳುತ್ತದೆ, ಕಾಯಿ ಒಡೆಯುತ್ತದೆ.

ಹೂವಿಲ್ಲದ ಕಾಲದಲ್ಲಿ ಎಲೆಯೇ ಗತಿ. ಹೈಪಾಕ್ಸಿಸ್‌ನ ಎಲೆ ಹುಲ್ಲಿನಂತೆ ಕಿರಿದು. ನೆಲತಾಳೆಯದು ಅಗಲ, ಉದ್ದುದ್ದಕ್ಕೆ ನೆರಿಗೆ. ಈಚಲಿನ ಎಳೆಸಸಿಯೂ ಹಾಗೆಯೇ ಕಾಣುವುದುಂಟು, ಆದರೆ ಅದು ಒರಟು, ಬಿರುಸು. ನೆಲ ತಾಗಿದ ಎಲೆತುದಿಯಲ್ಲಿ ಬೇರೊಡೆದು ಮರಿಗಿಡ ಮೂಡಿದ್ದರೆ ನೆಲತಾಳೆಯೆಂಬುದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಂತೆ.

ಹೀಗಿರುವಾಗ ಹರ್ಬೇರಿಯಂಗೆಂದು ಗಿಡವನ್ನು ನೆಲಮಟ್ಟದಲ್ಲಿ ಕತ್ತರಿಸಿದರೆ ನಿರ್ಣಾಯಕ ಭಾಗವೇ ಮಣ್ಣಿನಲ್ಲಿ ಉಳಿಯುತ್ತದೆ. ಹಾಗೆಂದು ಪ್ರತಿ ಸಲವೂ ಬುಡಸಮೇತ ಕೀಳುವುದನ್ನು ನಾನು ಒಪ್ಪಲಾರೆ; ಕರಿಮುಸಲಿಯೆಂದು ಮಾರಾಟವಾಗುವ ಗಡ್ಡೆಗಾಗಿ ಈ ಗಿಡವನ್ನು ಅಗೆಯುವವರು ಮೊದಲೇ ಇದ್ದಾರೆ. ಅಂಡಾಶಯ ಕಾಣುವಷ್ಟು ಮಣ್ಣು ಸರಿಸಿ, ಅಳತೆಪಟ್ಟಿ ಇಟ್ಟು ಚಿತ್ರ ತೆಗೆದು, ಮತ್ತೆ ಮುಚ್ಚಿದರೆ ಕ್ಷೇತ್ರದಾಖಲೆಗೆ ಸಾಕು. ಒಣಗಿಸಿ ಹೋಳು ಮಾಡಿದ ಗಡ್ಡೆ ಅಂಗಡಿ ಸೇರಿದ ಮೇಲೆ ಈ ಲಕ್ಷಣಗಳಾವುವೂ ಒದಗುವುದಿಲ್ಲ. ಅಲ್ಲಿ ಸೂಕ್ಷ್ಮದರ್ಶಕವನ್ನೇ ಆಶ್ರಯಿಸಬೇಕು.