ಹಳೇ ಜೀಪಿನ ದಿನಚರಿ

ಕಳೆದ ಮಳೆಗಾಲದಲ್ಲಿ ವರದಿಗೆಂದು ಮಲೆನಾಡಿನ ಒಂದು ಊರಿಗೆ ಹೋಗಿದ್ದೆ. ಹೆರಿಗೆ ನೋವಿನ ಹೆಂಗಸನ್ನು ಕೂರಿಸಿಕೊಂಡು ಹೊರಟ ಹಳೇ ಜೀಪು ಘಾಟಿಯಲ್ಲಿ ನಿಂತಿತು. ಫ್ಯಾನ್ ಬೆಲ್ಟ್ ತುಂಡಾಗಿತ್ತು. ಪುಣ್ಯಕ್ಕೆ ಸೀಟಿನ ಕೆಳಗೆ ಇನ್ನೊಂದು ಬೆಲ್ಟ್ ಇತ್ತು. ಬೆಳಿಗ್ಗೆ ಒಮ್ಮೆ ನೋಡಿದ್ದರೆ ಬಿರುಕು ಕಾಣುತ್ತಿತ್ತು.

ಜೀಪು ಹುಟ್ಟಿದ್ದು ಯುದ್ಧಕ್ಕೆ. 1941ರಿಂದ 1945ರವರೆಗೆ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ರಣರಂಗದಲ್ಲಿ ಗ್ಯಾರೇಜ್ ಎಲ್ಲಿಂದ ಬರಬೇಕು? ಹಾಗಾಗಿ ಸೇನೆಯ ಕೈಪಿಡಿ ಮೊದಲ ಜವಾಬ್ದಾರಿಯನ್ನು ಡ್ರೈವರ್‌ಗೇ ವಹಿಸಿತು. ಹೊರಡುವ ಮುಂಚೆ, ಓಡಿಸುವಾಗ, ನಿಲ್ಲಿಸಿದಾಗ, ಕೆಲಸ ಮುಗಿದ ಮೇಲೆ, ಮತ್ತೆ ವಾರಕ್ಕೊಮ್ಮೆ ಅವನೇ ತಪಾಸಣೆ ಮಾಡಬೇಕು. ಸ್ಪ್ರಿಂಗ್, ಸ್ಟೇರಿಂಗ್ ಕೀಲುಗಳಿಗೆ 1,000 ಮೈಲಿಗೊಮ್ಮೆ, ಅಂದರೆ ಸುಮಾರು 1,600 ಕಿ.ಮೀ.ಗೆ, ಗ್ರೀಸ್ ಹೊಡೆಯಬೇಕು.

1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ಮುಂಬೈಯಲ್ಲಿ ವಿಲ್ಲಿಸ್ ಜೀಪು ಜೋಡಿಸತೊಡಗಿತು. ಅದೇ ವಂಶದ ಗಾಡಿಗಳು ಮುಂದೆ ಡೀಸೆಲ್ ಎಂಜಿನ್ ಹಾಕಿಕೊಂಡು ನಮ್ಮ ಕಾಫಿ ತೋಟಗಳಲ್ಲೂ ಓಡಾಡಿದವು.

ಗಾಡಿ ಬದಲಾದರೂ ಪಾಠ ಹಳೆಯದೇ. ಬೆಳಿಗ್ಗೆ ಎಂಜಿನ್ ಆಯಿಲ್, ರೇಡಿಯೇಟರ್ ನೀರು, ಬೆಲ್ಟ್ ನೋಡಿ. ಧೂಳಿನ ದಾರಿಯಾದರೆ ಏರ್ ಕ್ಲೀನರ್ ಬೇಗ ಬೇಗ ತೊಳೆಯಿರಿ. ಹಳ್ಳ ದಾಟಿದರೆ ಗ್ರೀಸಿಗೆ ಮೈಲಿ ಲೆಕ್ಕ ಕಾಯಬೇಡಿ. ಡಿಫರೆನ್ಷಿಯಲ್ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ ಎಂದೇ ಅರ್ಥ, ಕೂಡಲೇ ಬದಲಿಸಿ.

ಅಂಬುಲೆನ್ಸ್ ಹತ್ತಲಾರದ ಊರಿಗೆ ಜೀಪೇ ಅಂಬುಲೆನ್ಸ್. ಬೆಳಗಿನ ಹತ್ತು ನಿಮಿಷ ಅದಕ್ಕೆ ಕೊಡಿ.