ಶರಣರ ಚರಿತೆ ಮತ್ತು ಸುವಾರ್ತೆಯ ಧ್ಯಾನ: ಉತ್ತಂಗಿ ಚನ್ನಪ್ಪನವರು ತೋರಿದ ದಾರಿ

ಶ್ರಾವಣ ಬಂದರೆ ಹುಬ್ಬಳ್ಳಿ-ಧಾರವಾಡದ ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಬಸವಣ್ಣ, ಅಕ್ಕಮಹಾದೇವಿ, ಸಿದ್ಧರಾಮರ ಚರಿತೆ ದಿನಗಟ್ಟಲೆ ನಡೆಯುತ್ತದೆ. ಕೇಳುವವರು ತಮ್ಮ ಬಾಳನ್ನು ಅದಕ್ಕೆ ಒರೆಹಚ್ಚಿ ನೋಡಿಕೊಳ್ಳುತ್ತಾರೆ. ಇದೇ ಓಣಿಗಳಲ್ಲಿ ಬಾಸೆಲ್ ಮಿಶನ್ ಸಭೆಗಳೂ ಬೆಳೆದವು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಈ ಮಿಶನ್ 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆ ಹೂಡಿತು. ಅದರ ಭಕ್ತಿಗೆ ಬೈಬಲ್ಲೇ ಕೇಂದ್ರ. ಸಂತರ ಹಬ್ಬ, ಸಂತರ ಮೊರೆಗಳಿಗೆ ಅಲ್ಲಿ ಎಡೆಯಿರಲಿಲ್ಲ. ಹಾಗಾದರೆ ಈ ನೆಲದ ಕ್ರೈಸ್ತನೊಬ್ಬ ಶರಣರ ಚರಿತೆಯನ್ನು ಸುವಾರ್ತೆಯ ಜೊತೆಗಿಟ್ಟು ಧ್ಯಾನಿಸಬಹುದೆ? ಧ್ಯಾನಿಸುವುದಾದರೆ ಹೇಗೆ? ಉತ್ತಂಗಿ ಚನ್ನಪ್ಪನವರ ಬದುಕು ಮತ್ತು ಸಂಶೋಧನೆ ಈ ಪ್ರಶ್ನೆಗೆ ಕೊಟ್ಟ ಉತ್ತರವೇ ಈ ಲೇಖನದ ವಿಷಯ. ಶರಣರ ಮಾತನ್ನು ಮೊದಲು ಪ್ರಾಮಾಣಿಕವಾಗಿ ಶೋಧಿಸಿದವನಿಗೆ ಮಾತ್ರ ಅದನ್ನು ಪ್ರಾರ್ಥನೆಯೊಳಗೆ ತರುವ ಅಧಿಕಾರವಿದೆ ಎಂಬುದು ಅವರ ಕೆಲಸದಿಂದ ನಾನು ಗ್ರಹಿಸಿದ ತತ್ತ್ವ.

ಮೊದಲಿಗೆ ಧರ್ಮಶಾಸ್ತ್ರದ ನೆಲೆಯನ್ನು ನೋಡಬೇಕು. ಪ್ರಾಟೆಸ್ಟಂಟರು ಸಂತರ ಚರಿತೆಯನ್ನು ಪೂರಾ ತಳ್ಳಿಹಾಕಿದರೆಂಬ ತಿಳಿವಳಿಕೆ ಸರಿಯಲ್ಲ. ಲೂಥರನ ಅನುಯಾಯಿಗಳು 1530ರಲ್ಲಿ ಮಂಡಿಸಿದ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣದ 21ನೆಯ ವಿಧಿ ಸಂತರಿಗೆ ಮೊರೆಯಿಡುವುದನ್ನು ಒಪ್ಪುವುದಿಲ್ಲ. ಆದರೆ ಅವರ ನಂಬಿಕೆಯನ್ನೂ ಸತ್ಕ್ರಿಯೆಗಳನ್ನೂ ಅನುಸರಿಸಲೆಂದು ಅವರ ನೆನಪನ್ನು ಜನರ ಮುಂದಿಡಬಹುದೆಂದು ಸ್ಪಷ್ಟವಾಗಿ ಹೇಳುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯವೂ ಹೇಬೆಲನಿಂದ ಹಿಡಿದು ಪ್ರವಾದಿಗಳವರೆಗಿನ ಚರಿತೆಗಳ ಮಾಲೆಯೇ.

ಚರಿತೆಯೂ ವಾಕ್ಯವೂ ಒಂದರಿಂದೊಂದು ಹೇಗೆ ಬೆಳೆಯುತ್ತವೆಂಬುದಕ್ಕೆ ಅಗಸ್ಟೀನನ ಆತ್ಮಕಥನಕ್ಕಿಂತ ಒಳ್ಳೆಯ ಸಾಕ್ಷ್ಯ ನನಗೆ ಕಂಡಿಲ್ಲ. ಈಜಿಪ್ಟಿನ ಆಂತೋನಿ ಒಮ್ಮೆ ದೇವಾಲಯಕ್ಕೆ ಹೋದಾಗ, ಯೇಸು ಐಶ್ವರ್ಯವಂತ ಯುವಕನಿಗೆ ಎಲ್ಲವನ್ನೂ ಮಾರಿ ಬಡವರಿಗೆ ಕೊಡೆಂದು ಹೇಳಿದ ಭಾಗದ ಪಾರಾಯಣ ನಡೆದಿತ್ತು. ಆಂತೋನಿ ಅದನ್ನು ತನಗೇ ಆಡಿದ ಮಾತೆಂದು ತಿಳಿದು ಹಾಗೆಯೇ ಮಾಡಿದ. ಆಂತೋನಿಯ ಈ ಚರಿತೆಯನ್ನು 386ರಲ್ಲಿ ಮಿಲಾನಿನಲ್ಲಿ ಗೆಳೆಯನೊಬ್ಬನ ಬಾಯಿಂದ ಕೇಳಿದ ಅಗಸ್ಟೀನ ಕಂಗೆಟ್ಟು, ಪೌಲನ ಪತ್ರಿಕೆಯನ್ನು ತೆರೆದು, ಕಣ್ಣಿಗೆ ಬಿದ್ದ ಭಾಗವನ್ನು ಓದಿ ದೇವರ ಕಡೆಗೆ ತಿರುಗಿದ. ವಾಕ್ಯ ಒಬ್ಬನ ಚರಿತೆಯಾಯಿತು. ಆ ಚರಿತೆ ಇನ್ನೊಬ್ಬನನ್ನು ಮತ್ತೆ ವಾಕ್ಯದ ಬಳಿಗೆ ತಂದು ಬಿಟ್ಟಿತು. ಚರಿತೆಯಿಂದ ನಾವು ಬೇಡಬೇಕಾದದ್ದು ಇಷ್ಟನ್ನೇ.

ಹುಬ್ಬಳ್ಳಿ-ಧಾರವಾಡದ ಮಿಶನರಿಗಳಿಗೆ ಚರಿತೆಯ ಬಲ ತಿಳಿಯದೆ ಇರಲಿಲ್ಲ. 1853ರಲ್ಲಿ ಭಾರತಕ್ಕೆ ಬಂದ ಕಿಟೆಲ್ ಯೇಸುವಿನ ಚರಿತೆಯನ್ನು ಕನ್ನಡದ ಛಂದಸ್ಸಿಗೆ ಇಳಿಸಿ 1862ರಲ್ಲಿ ‘ಕಥಾಮಾಲೆ’ಯನ್ನು ಹೊರತಂದರು. ಕನ್ನಡಿಗರ ಕಿವಿ ಕಾವ್ಯಕ್ಕೆ ಪಳಗಿದೆ, ಆ ಹಾದಿಯಲ್ಲಿಯೇ ಸುವಾರ್ತೆ ಹೋಗಬೇಕೆಂಬ ಅವರ ಅರಿವು ದೊಡ್ಡದು. ಹುಬ್ಬಳ್ಳಿಯಲ್ಲಿದ್ದ ಜಿ. ವುರ್ತ್ ಬಸವಪುರಾಣ ಮತ್ತು ಚನ್ನಬಸವಪುರಾಣಗಳನ್ನು ಇಂಗ್ಲಿಷಿಗೆ ತಂದು 1860ರ ದಶಕದಲ್ಲಿ ಮುಂಬಯಿಯ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇದು ದಣಿವರಿಯದ ವಿದ್ವತ್ತು. ಆದರೂ ಆ ತಲೆಮಾರಿಗೆ ಶರಣರ ಪುರಾಣ ಬಹುಮಟ್ಟಿಗೆ ನೆರೆಯವರನ್ನು ತಿಳಿಯುವ ಸಾಧನವಾಗಿತ್ತು. ಅದರಿಂದ ತಮ್ಮ ಪ್ರಾರ್ಥನೆಗೆ ಏನಾದರೂ ದೊರೆತೀತೆಂಬ ನಿರೀಕ್ಷೆ ಅವರಿಗಿದ್ದಂತೆ ಕಾಣುವುದಿಲ್ಲ.

ಆ ನಿರೀಕ್ಷೆ ಉತ್ತಂಗಿಯವರಲ್ಲಿತ್ತು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿಯಲ್ಲಿ ದೇವಶಾಸ್ತ್ರ ಓದಿ, ಸಭಾಪಾಲಕರಾದವರು ಅವರು. 1921ರಲ್ಲಿ ಅವರು ಪ್ರಕಟಿಸಿದ ಪುಸ್ತಕದ ಹೆಸರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಬೆತ್ಲೆಹೇಮು ಕೈಮುಗಿದು ಬಿನ್ನವಿಸುತ್ತದೆ ಎಂಬ ಆ ನಿಲುವಿನಲ್ಲಿಯೇ ಅವರ ಧರ್ಮಸಂವಾದದ ನಡತೆ ಇದೆ. ಹಳ್ಳಿಗರ ನಾಲಗೆಯ ಮೇಲೆ, ಹಸ್ತಪ್ರತಿಗಳಲ್ಲಿ ಚದುರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ವರುಷಗಟ್ಟಲೆ ಕೂಡಿಹಾಕಿ, ಪಾಠಗಳನ್ನು ಹೋಲಿಸಿ 1924ರಲ್ಲಿ ಪ್ರಕಟಿಸಿದರು. ವಚನಗಳ ಸಂಪಾದಕ ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂದದ್ದು ಹಿಂದಿನ ವರುಷ, 1923ರಲ್ಲಿ. ಧಾರವಾಡದಲ್ಲಿಯೇ ಹುಟ್ಟಿದ ಇಬ್ಬರು ಓರಗೆಯವರು ಒಂದೇ ಹೊತ್ತಿಗೆ ಈ ಕೆಲಸಕ್ಕೆ ಹೆಗಲು ಕೊಟ್ಟಿದ್ದರು. ಮುಂದೆ ಉತ್ತಂಗಿಯವರು ಮೋಳಿಗೆ ಮಾರಯ್ಯ ಮತ್ತು ಆತನ ಸತಿ ಮಹಾದೇವಿಯ ವಚನಗಳನ್ನು ಸಂಪಾದಿಸಿದರು. ಅನುಭವ ಮಂಟಪ ಬರಿಯ ಕಲ್ಪನೆಯೆಂದವರಿಗೆ 1951ರಲ್ಲಿ ‘ಅನುಭವ ಮಂಟಪದ ಐತಿಹಾಸಿಕತೆ’ ಎಂಬ ಕೃತಿಯಲ್ಲಿ ಉತ್ತರ ಕೊಟ್ಟರು. ಸಭಾಪಾಲಕರೊಬ್ಬರು ಶರಣರ ಇತಿಹಾಸದ ಪರವಾಗಿ ವಾದಕ್ಕೆ ನಿಂತದ್ದನ್ನು ಕನ್ನಡ ನಾಡು ಗೌರವಿಸಿತು. 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಅವರೇ.

ಪಾಠಶೋಧನೆಗೂ ಧ್ಯಾನಕ್ಕೂ ಏನು ನಂಟು? ಶರಣನೊಬ್ಬನ ಮಾತನ್ನು ತನಗೆ ಬೇಕಾದ ಕಡೆಗೆ ಬಗ್ಗಿಸಿಕೊಳ್ಳುವುದು ಭಕ್ತನಿಗೆ ಸುಲಭ. ಪ್ರತಿಗಳನ್ನು ಹೋಲಿಸಿ ನಿಜವಾದ ಪಾಠ ಹುಡುಕುವವನಿಗೆ ಆ ಸ್ವಾತಂತ್ರ್ಯವಿಲ್ಲ; ಅವನು ಕಾಯಬೇಕು, ಕೇಳಬೇಕು, ತನಗೆ ಒಪ್ಪಿಗೆಯಾಗದ ಮಾತನ್ನೂ ಇದ್ದಂತೆಯೇ ಬರೆದಿಡಬೇಕು. ನೆರೆಯವನ ವಿಷಯದಲ್ಲಿ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯನ್ನು ಗ್ರಂಥಸಂಪಾದನೆಯಲ್ಲಿ ಪಾಲಿಸುವ ಬಗೆ ಇದು. ಉತ್ತಂಗಿಯವರ ಸಂಪಾದನಕಾರ್ಯವನ್ನು ಅವರ ಪಾಲಕತನದ ಆಚೆಗಿನ ಹವ್ಯಾಸವೆಂದು ಬಗೆಯುವುದನ್ನು ನಾನು ಒಪ್ಪಲಾರೆ.

ಅವರು ವಚನಗಳನ್ನು ಸಂಪಾದಿಸಿದ ಮೋಳಿಗೆ ಮಾರಯ್ಯನ ಚರಿತೆಯನ್ನೇ ಸುವಾರ್ತೆಯ ಎದುರಿಗಿಟ್ಟು ನೋಡೋಣ. ಈ ಹೋಲಿಕೆ ನನ್ನದು. ಮಾರ್ಕನ 10ನೆಯ ಅಧ್ಯಾಯದ ಐಶ್ವರ್ಯವಂತ ಯೇಸುವಿನ ಕರೆ ಕೇಳಿ ಮುಖ ಸಪ್ಪಗೆ ಮಾಡಿಕೊಂಡು ಹೊರಟುಹೋದ. ಕಾಶ್ಮೀರದ ಅರಸನಾಗಿದ್ದನೆಂದು ಪರಂಪರೆ ಹೇಳುವ ಮಾರಯ್ಯ ಸಿಂಹಾಸನ ಬಿಟ್ಟು, ಮಡದಿಯೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆ ಹೊರೆ ಮಾರಿ ಬಂದದ್ದರಲ್ಲಿ ಜಂಗಮದಾಸೋಹ ನಡೆಸಿದ. ಇಲ್ಲಿಗೆ ನಿಂತರೆ ಚರಿತೆ ಬರಿಯ ಮಾದರಿಯಾದೀತು. ಅದು ಮುಂದೆ ಹೋಗುತ್ತದೆ. ಈ ಬಡತನ ಕಂಡು ಮರುಗಿದ ಬಸವಣ್ಣ ಆ ಮನೆಯಲ್ಲಿ ಹೊನ್ನನ್ನು ಗುಟ್ಟಾಗಿ ಇಟ್ಟು ಬಂದನಂತೆ. ಮಾರಯ್ಯ ಅದನ್ನು ತನಗೆಂದು ಇಟ್ಟುಕೊಳ್ಳದೆ ಜಂಗಮರಿಗೆ ಕೊಟ್ಟುಬಿಟ್ಟ. ಕೊಡುವವನಿಗೂ ಅಹಂಕಾರ ಇದ್ದೀತೆಂಬ ಎಚ್ಚರ ಇಲ್ಲಿದೆ. ಕೊನೆಗೆ ಮಾರಯ್ಯ ಕೈಲಾಸದ ಐಕ್ಯವನ್ನು ಬಯಸಿದಾಗ ಮಹಾದೇವಿ ಅವನನ್ನು ತಡೆದು, ಹುಡುಕುವುದು ಇಲ್ಲಿಯೇ ಇದೆಯೆಂದು ತಿಳಿಹೇಳುತ್ತಾಳೆ. ಈ ಚರಿತೆ ಓದಿ ಮಾರ್ಕನ ಕಡೆ ತಿರುಗಿದರೆ, ಎಲ್ಲವನ್ನೂ ಬಿಟ್ಟುಬಂದೆವೆಂದು ಅದೇ ಅಧ್ಯಾಯದಲ್ಲಿ ಲೆಕ್ಕ ಒಪ್ಪಿಸುವ ಪೇತ್ರ ಕಣ್ಣಿಗೆ ಬೀಳುತ್ತಾನೆ. ಬಿಟ್ಟವನಿಗೂ ಬಿಡಬೇಕಾದದ್ದು ಉಳಿದಿರುತ್ತದೆ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ವಿಮೋಚನಕಾಂಡದ 16ನೆಯ ಅಧ್ಯಾಯಕ್ಕೆ ಇನ್ನೂ ಹತ್ತಿರ. ಮರುಭೂಮಿಯಲ್ಲಿ ಅಂದಂದಿನ ಮನ್ನವನ್ನು ಅಂದೇ ಕೂಡಿಸಬೇಕಿತ್ತು. ನಾಳೆಗೆ ಉಳಿಸಿದ್ದು ಹುಳ ಬಿತ್ತು. ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುತ್ತಿದ್ದ ಆಕೆಯ ಗಂಡ, ಇನ್ನೊಬ್ಬ ಮಾರಯ್ಯ, ಒಂದು ದಿನ ಹೆಚ್ಚಿಗೆ ತಂದಾಗ ಲಕ್ಕಮ್ಮ ಒಳಗೆ ಸೇರಿಸದೆ ಅಲ್ಲಿಯೇ ಸುರಿದು ಬಾ ಎಂದಳು. ಎರಡಕ್ಕೂ ಭೇದವಿದೆ, ಅದನ್ನು ಮರೆಮಾಚಬಾರದು: ಅಲ್ಲಿ ದೇವರ ಆಜ್ಞೆ ಮೋಶೆಯ ಮೂಲಕ ಬರುತ್ತದೆ, ಇಲ್ಲಿ ಕೂಲಿಯ ಮನೆಯ ಹೆಂಗಸು ಗಂಡನನ್ನು ತಿದ್ದುತ್ತಾಳೆ. ದಿನದ ರೊಟ್ಟಿಗಾಗಿ ಬೇಡುವ ಕ್ರೈಸ್ತ ಕುಟುಂಬಕ್ಕೆ ಈ ಭೇದವೇ ಹೆಚ್ಚಿನ ಬೆಳಕು ಕೊಡುತ್ತದೆ, ಏಕೆಂದರೆ ಆ ಬೇಡಿಕೆ ಅಡಿಗೆಮನೆಯ ಮಡಕೆಗೂ ಸಂಬಂಧಿಸಿದೆಯೆಂದು ಲಕ್ಕಮ್ಮ ನೆನಪಿಸುತ್ತಾಳೆ.

ಇಲ್ಲಿ ಒಂದು ಅಪಾಯವುಂಟು. ಶರಣರನ್ನು ಅರಿಯದೆ ಕ್ರಿಸ್ತನನ್ನು ನಂಬಿದವರೆಂದು ಬಣ್ಣಿಸಿ ಸಭೆಯ ಪಟ್ಟಿಗೆ ಸೇರಿಸಿಕೊಳ್ಳುವುದು ಅವರಿಗೂ ಅವರನ್ನು ಇಂದಿಗೂ ಪೂಜಿಸುವ ಜನಕ್ಕೂ ಮಾಡುವ ಅನ್ಯಾಯ. ಕೂಡಲಸಂಗಮದೇವನಿಗೆ ಆಡಿದ ಮಾತು ಕೂಡಲಸಂಗಮದೇವನದೇ. ಕ್ರೈಸ್ತನು ಅದನ್ನು ಅತಿಥಿಯಾಗಿ ಕೇಳಬೇಕು, ಕೇಳಿ ತನ್ನ ಗ್ರಂಥಕ್ಕೆ ಮರಳಬೇಕು.

ಹುಬ್ಬಳ್ಳಿ-ಧಾರವಾಡದ ಸಭೆಗಳು ತಮ್ಮ ಭಕ್ತಿಕೂಟಗಳಲ್ಲಿ ಈ ಓದನ್ನು ಆರಂಭಿಸಬೇಕು. ಎಲ್ಲಿಂದಲೋ ಎತ್ತಿಕೊಂಡ ಬಿಡಿ ವಚನಗಳನ್ನು ಬಿಟ್ಟು, ಸಂಪಾದಿತ ಆವೃತ್ತಿಗಳನ್ನೇ ಬೈಬಲ್ಲಿನ ಪಕ್ಕದಲ್ಲಿ ತೆರೆದಿಡಲಿ. ಮುರುಘಾಮಠ, ಮೂರುಸಾವಿರ ಮಠಗಳಲ್ಲಿ ಪುರಾಣ ಬಲ್ಲ ಹಿರಿಯರನ್ನು ಕರೆದು, ತಮ್ಮ ಓದು ತಪ್ಪಿದಲ್ಲಿ ತಿದ್ದಿರೆಂದು ಕೇಳಲಿ.